ಕರವಸ್ತ್ರ ಕೆಡವಿದವರು ಯಾರು?

"ಪ್ರೀತಿ ಜಾಸ್ತಿಯಾಗಿತ್ತು, ಅದಕ್ಕೇ ಕೊಂದ." ಶೇಕ್ಸ್‌ಪಿಯರನ 'ಒಥೆಲೋ' ನಾಟಕದ ಬಗ್ಗೆ ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಬಿ.ಎ. ಓದುವಾಗ ನಮಗೆ ಪಾಠ ಹೇಳಿದ ಲೆಕ್ಚರರು ಹೇಳಿದರು. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದ ಗೈಡುಗಳು ಹೇಳಿದವು. ಈಗ, ಐವತ್ತು ದಾಟಿದ ಮೇಲೆ ಮತ್ತೆ ಆ ಪುಸ್ತಕ ಕೈಗೆತ್ತಿಕೊಂಡು ಸ್ಟಾಫ್ ರೂಮಿನಲ್ಲಿ ಕೂತಿದ್ದರೆ, ಗಣಿತದ ಮೇಷ್ಟ್ರು ರಟ್ಟು ನೋಡಿದವರೇ, "ಓ, ಪ್ರೀತಿ ಹೆಚ್ಚಾಗಿ ಹೆಂಡತೀನ ಸಾಯಿಸ್ತಾನಲ್ಲ ಮೇಡಂ, ಅದೇ ಅಲ್ವಾ?" ಎಂದರು. ಅವರು ನಾಟಕ ಓದಿಲ್ಲ. ಆದರೂ ಆ ವಾಕ್ಯ ಮಾತ್ರ ಅವರವರೆಗೂ ತಲುಪಿದೆ!

ಇದನ್ನು ಮೊದಲು ಹೇಳಿದವನು ಯಾರು ಗೊತ್ತೆ? ಒಥೆಲೋನೇ. ಹೆಂಡತಿಯ ಉಸಿರು ನಿಲ್ಲಿಸಿ, ಆಕೆ ನಿರಪರಾಧಿ ಎಂದು ತಿಳಿದ ಮೇಲೆ, ತಾನು ಸಾಯುವ ಮುಂಚೆ ಒಂದು ಉದ್ದನೆಯ ಮಾತಾಡುತ್ತಾನೆ. ರಾಜ್ಯಕ್ಕೆ ತಾನು ಮಾಡಿದ ಸೇವೆಯನ್ನು ನೆನಪಿಸಿ, ತನ್ನ ಬಗ್ಗೆ ಬರೆಯುವಾಗ ವಿವೇಕ ಕಡಿಮೆಯಾದವನು, ಆದರೆ ಪ್ರೀತಿಯಲ್ಲಿ ಮಿತಿ ಮೀರಿದವನು ಎಂಬಂತೆ ಬರೆಯಿರಿ ಎಂದು ಕೇಳಿಕೊಳ್ಳುತ್ತಾನೆ. ಕೊಲೆಗಾರ ತನಗೆ ತಾನೇ ಬರೆದುಕೊಂಡ ಕ್ಯಾರೆಕ್ಟರ್ ಸರ್ಟಿಫಿಕೇಟು ಅದು. ನಾನೂರು ವರ್ಷಗಳಿಂದ ವಿದ್ವಾಂಸರು ಅದಕ್ಕೆ ಸೀಲು ಒತ್ತಿ ಅಟೆಸ್ಟೇಷನ್ ಮಾಡಿಕೊಡುತ್ತ ಬಂದಿದ್ದಾರೆ. ಮೂಲ ದಾಖಲೆ ನೋಡಿದ್ದೀರಾ ಸ್ವಾಮಿ ಎಂದು ಕೇಳುವವರು ಕಡಿಮೆ.

ನಾಟಕ ಓದದ ಅಕ್ಕತಂಗಿಯರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ವೆನಿಸ್ ನಗರದ ಶ್ರೀಮಂತ ಸೆನೆಟರ್ ಬ್ರಬ್ಯಾನ್ಷಿಯೋನ ಮಗಳು ಡೆಸ್ಡಿಮೋನ. ಆ ನಗರದ ಸೇನೆಯಲ್ಲಿ ದಂಡನಾಯಕನಾಗಿರುವ ಕಪ್ಪು ವರ್ಣದ ಒಥೆಲೋನನ್ನು ಮೆಚ್ಚಿ, ತಂದೆಗೆ ಹೇಳದೆ ಮದುವೆಯಾಗುತ್ತಾಳೆ. ತುರ್ಕರ ದಾಳಿಯ ಭಯದಿಂದ ಅವನನ್ನು ಸೈಪ್ರಸ್ ದ್ವೀಪಕ್ಕೆ ಕಳಿಸುತ್ತಾರೆ, ಇವಳೂ ಹೋಗುತ್ತಾಳೆ. ಬಡ್ತಿ ಸಿಗದ ಸಿಟ್ಟಿನಲ್ಲಿರುವ ಇಯಾಗೋ ಎಂಬ ಅಧಿಕಾರಿ, ನಿನ್ನ ಹೆಂಡತಿಗೂ ಕ್ಯಾಸಿಯೋ ಎಂಬ ತರುಣ ಅಧಿಕಾರಿಗೂ ಸಂಬಂಧವಿದೆ ಎಂದು ಒಥೆಲೋನ ಕಿವಿಯೂದುತ್ತಾನೆ. ಸಾಕ್ಷಿ ಒಂದು ಕರವಸ್ತ್ರ. ಕೊನೆಗೆ ಒಥೆಲೋ ಹೆಂಡತಿಯನ್ನು ಹಾಸಿಗೆಯ ಮೇಲೇ ಉಸಿರುಗಟ್ಟಿಸಿ ಕೊಲ್ಲುತ್ತಾನೆ.

ಇದು ಸುಮಾರು 1603-04ರಲ್ಲಿ ಬರೆದ ನಾಟಕ. ಕನ್ನಡಕ್ಕೂ ಹೊಸದಲ್ಲ. 19ನೆಯ ಶತಮಾನದಲ್ಲೇ ಮೈಸೂರಿನ ಬಸವಪ್ಪ ಶಾಸ್ತ್ರಿಗಳು ಇದನ್ನು 'ಶೂರಸೇನ ಚರಿತ್ರೆ' ಎಂದು ನಮ್ಮ ಭಾಷೆಗೆ ತಂದಿದ್ದರು. ಹೆಸರು ನೋಡಿ, ಅಲ್ಲೂ ಚರಿತ್ರೆ ಶೂರಸೇನನದೇ. ಸತ್ತವಳದಲ್ಲ.

ನಮ್ಮ ಬಡಾವಣೆಯ ಏಳೆಂಟು ಹೆಂಗಸರು ಶನಿವಾರ ಮಧ್ಯಾಹ್ನ ಒಬ್ಬರ ಮನೆಯಲ್ಲಿ ಸೇರಿ ಏನಾದರೂ ಓದುತ್ತೇವೆ. ಈ ನಾಟಕವನ್ನೂ ನಾನು ಕನ್ನಡದಲ್ಲಿ ಹೇಳುತ್ತ ಓದಿದೆ. ಮುಗಿದ ಮೇಲೆ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, "ಅಲ್ಲಾ ಟೀಚರೇ, ಅವಳೂ ಸ್ವಲ್ಪ ಹುಷಾರಾಗಿರಬೇಕಿತ್ತು. ಗಂಡ ಕೊಟ್ಟ ಮೊದಲನೇ ಉಡುಗೊರೆ, ಹಾಗೆ ಬೀಳಿಸ್ಕೊಂಡು ಓಡಾಡ್ತಾರಾ?" ಎಂದರು. ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ. ಈ ಮಾತಿಗೂ ಮುನ್ನೂರು ವರ್ಷಗಳ ವಯಸ್ಸಾಗಿದೆ. 1693ರಲ್ಲಿ ಥಾಮಸ್ ರೈಮರ್ ಎಂಬ ಇಂಗ್ಲಿಷ್ ವಿಮರ್ಶಕ ಈ ನಾಟಕವನ್ನು ಗೇಲಿ ಮಾಡುತ್ತ, ಒಳ್ಳೆಯ ಗೃಹಿಣಿಯರು ತಮ್ಮ ಬಟ್ಟೆಬರೆಯ ಮೇಲೆ ಕಣ್ಣಿಟ್ಟಿರಬೇಕು ಎಂಬುದೇ ಇದರ ನೀತಿ ಎಂದು ಬರೆದಿದ್ದ. ಅವನು ಬರೆದದ್ದು ತಮಾಷೆಗೆ. ನಮ್ಮ ಊರುಗಳಲ್ಲಿ ಅದನ್ನೇ ಗಂಭೀರವಾಗಿ ಹೇಳುತ್ತಾರೆ.

ಆದ್ದರಿಂದ ಕರವಸ್ತ್ರ ಬಿದ್ದ ಜಾಗಕ್ಕೇ ಹೋಗಿ ನೋಡೋಣ. ಮೂರನೆಯ ಅಂಕ, ಮೂರನೆಯ ದೃಶ್ಯ. ಒಥೆಲೋ ತಲೆನೋವು ಎನ್ನುತ್ತಾನೆ. ಡೆಸ್ಡಿಮೋನ ಕೂಡಲೇ ತನ್ನ ಕರವಸ್ತ್ರ ತೆಗೆದು ಅವನ ಹಣೆಗೆ ಕಟ್ಟಲು ಹೋಗುತ್ತಾಳೆ. ಇದು ಚಿಕ್ಕದಾಯಿತು, ಬಿಡು ಎಂದು ಅವನು ಬೇಡವೆನ್ನುತ್ತಾನೆ. ಬಟ್ಟೆ ಕೆಳಗೆ ಬೀಳುತ್ತದೆ. ಅವಳು ಬಗ್ಗುವುದಕ್ಕೂ ಬಿಡದೆ, ಅದನ್ನು ಬಿಟ್ಟುಬಿಡು, ಒಳಗೆ ಹೋಗೋಣ ಬಾ ಎಂದು ಕರೆದುಕೊಂಡು ಹೋಗುತ್ತಾನೆ. ಅಂದರೆ ಅದು ಬಿದ್ದದ್ದು ಅವನ ಹಣೆಯಿಂದ, ಅವನ ಮಾತಿನಿಂದ. ಇನ್ನೊಂದು ದೃಶ್ಯ ಕಳೆಯುವುದರೊಳಗೆ ಅದೇ ಮನುಷ್ಯ "ಎಲ್ಲಿ ಕರವಸ್ತ್ರ?" ಎಂದು ಅವಳ ಮುಂದೆ ಕೈಚಾಚಿ ನಿಲ್ಲುತ್ತಾನೆ. ಹಿಂದಿನ ಪುಟ ತಿರುವಿ ತೋರಿಸಿದಾಗ ನಮ್ಮ ಬ್ಯಾಂಕಿನ ಅಕ್ಕನವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಅಯ್ಯೋ, ಇವನೇ ಕೆಡವಿದ್ದು!" ಎಂದರು. ಹೌದು, ಇವನೇ.

ಆ ಬಟ್ಟೆಯ ಚರಿತ್ರೆಯನ್ನಾದರೂ ಅವನು ನೆಟ್ಟಗೆ ಹೇಳುತ್ತಾನೆಯೇ? ಹೆಂಡತಿಯನ್ನು ಹೆದರಿಸುವಾಗ, ಈಜಿಪ್ಟಿನ ಮಂತ್ರಗಾತಿಯೊಬ್ಬಳು ಅದನ್ನು ನನ್ನ ತಾಯಿಗೆ ಕೊಟ್ಟಳು, ಅದು ಹತ್ತಿರ ಇರುವವರೆಗೆ ಗಂಡ ಹಿಡಿತದಲ್ಲಿರುತ್ತಾನೆ, ಕಳೆದರೆ ದ್ವೇಷಿಸುತ್ತಾನೆ ಎಂದು ದೊಡ್ಡ ಕಥೆ ಹೇಳುತ್ತಾನೆ. ಕೊಲೆಯಾದ ಮೇಲೆ ಹತ್ತು ಜನರೆದುರು ಸಮಜಾಯಿಷಿ ಕೊಡುವಾಗ, ಅದು ನನ್ನ ತಂದೆ ತಾಯಿಗೆ ಕೊಟ್ಟಿದ್ದ ಹಳೆಯ ಕಾಣಿಕೆ ಎನ್ನುತ್ತಾನೆ. ಎರಡರಲ್ಲಿ ಯಾವುದು ನಿಜ? ಡೆಸ್ಡಿಮೋನ ಭಯಕ್ಕೆ "ಕಳೆದಿಲ್ಲ" ಎಂದು ಹೇಳಿದ ಒಂದು ಸುಳ್ಳನ್ನು ಪರೀಕ್ಷೆಯಲ್ಲಿ ಅವಳ ದೋಷವೆಂದು ಬರೆಸುತ್ತಾರೆ. ಇವನ ಎರಡು ನಾಲಿಗೆಗೆ ಅಂಕ ಕಳೆದವರನ್ನು ನಾನು ಕಂಡಿಲ್ಲ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿತು. ಸೈಪ್ರಸ್ಸಿನ ಮೊದಲ ರಾತ್ರಿ ಕ್ಯಾಸಿಯೋ ಕುಡಿದು ಜಗಳವಾಡಿ ಒಬ್ಬರನ್ನು ಗಾಯಗೊಳಿಸುತ್ತಾನೆ. ಆಗ ಒಥೆಲೋ ಏನು ಮಾಡುತ್ತಾನೆ? ಎದ್ದು ಬರುತ್ತಾನೆ, ಗದ್ದಲ ನಿಲ್ಲಿಸುತ್ತಾನೆ, ಇದನ್ನು ಶುರು ಮಾಡಿದವರು ಯಾರು ಎಂದು ಒಬ್ಬೊಬ್ಬರನ್ನಾಗಿ ಕೇಳುತ್ತಾನೆ. ಆರೋಪಿಗೂ ಮಾತಾಡಲು ಅವಕಾಶ ಕೊಡುತ್ತಾನೆ. ಆ ವಿಚಾರಣೆಯಲ್ಲೂ ಇಯಾಗೋ ಮೋಸ ಮಾಡುತ್ತಾನೆ, ಆ ಮಾತು ಬೇರೆ. ಆದರೆ ವಿಚಾರಣೆ ಎಂಬುದೊಂದು ನಡೆಯಿತು, ಶಿಕ್ಷೆ ಕೆಲಸದಿಂದ ವಜಾ. ಹೆಂಡತಿಯ ವಿಷಯದಲ್ಲೋ? ಕ್ಯಾಸಿಯೋನನ್ನು ಎದುರು ನಿಲ್ಲಿಸಿ ಒಂದು ಮಾತು ಕೇಳಲಿಲ್ಲ. ಎಮಿಲಿಯಾಳನ್ನು ಕೇಳಿದ. ಇಯಾಗೋನ ಹೆಂಡತಿ ಅವಳು, ಡೆಸ್ಡಿಮೋನಳ ಜೊತೆ ಹಗಲೂ ರಾತ್ರಿ ಇರುವವಳು. ನನ್ನ ಆತ್ಮವನ್ನೇ ಪಣ ಇಡುತ್ತೇನೆ, ಆಕೆ ಶುದ್ಧಳು ಎಂದು ಅವಳು ಹೇಳಿದಳು. ಅವನು ಆ ಸಾಕ್ಷಿಯನ್ನು ಕಿವಿಯಿಂದ ಕೊಡವಿಬಿಟ್ಟ. ಕುಡಿದು ಹೊಡೆದಾಡಿದ ಗಂಡಸಿಗೆ ಸಾಕ್ಷಿ, ವಿಚಾರಣೆ ಎಲ್ಲ ಉಂಟು. ಏನೂ ಮಾಡದ ಹೆಂಗಸಿಗೆ ನೇರ ತೀರ್ಪು. ಇದನ್ನು ಪ್ರೀತಿಯ ಅತಿರೇಕ ಎನ್ನುವುದಾದರೆ, ಒಥೆಲೋ ಕ್ಯಾಸಿಯೋನನ್ನು ಸ್ವಲ್ಪ ಕಡಿಮೆ ಪ್ರೀತಿಸಿದ್ದೇ ಒಳ್ಳೆಯದಾಯಿತೆನ್ನಬೇಕು!

ಸೈಪ್ರಸ್ಸಿನಲ್ಲಿ ಅವರು ಒಟ್ಟು ಇದ್ದದ್ದಾದರೂ ಎಷ್ಟು? ನಾಟಕದೊಳಗಿನ ಗಡಿಯಾರ ನೋಡಿದರೆ ಎರಡು ರಾತ್ರಿ. ಹಡಗಿಳಿದ ರಾತ್ರಿ ಒಂದು, ಸತ್ತ ರಾತ್ರಿ ಇನ್ನೊಂದು. ಈ ನಡುವೆ ಅವಳು ಯಾವಾಗ, ಎಲ್ಲಿ, ಹೇಗೆ ತಪ್ಪು ಮಾಡಿದಳು ಎಂದು ಲೆಕ್ಕ ಹಾಕುವ ತಾಳ್ಮೆ ಸೇನೆ ನಡೆಸಿದ ಆ ಬುದ್ಧಿವಂತನಿಗೆ ಇಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಮದುವೆಯಾಗಿ ಬೇರೆ ಊರಿಗೆ ಹೋದವಳು. ಹೋದ ವರ್ಷ ತವರಿಗೆ ಬಂದಾಗ ನನ್ನನ್ನು ನೋಡಲು ಬಂದಿದ್ದಳು. ಕಾಫಿ ಕುಡಿಯುವಷ್ಟರಲ್ಲಿ ಮೂರು ಸಲ ಫೋನ್ ಬಂತು. "ಎಲ್ಲಿದ್ದೀಯ, ಯಾರ ಜೊತೆ, ಫೋಟೋ ಕಳ್ಸು." ಅವಳು ನನ್ನ ಪಕ್ಕ ನಿಂತು ಫೋಟೋ ತೆಗೆದು ಕಳಿಸಿದಳು. "ದಿನಾ ರಾತ್ರಿ ಫೋನು ತಗೊಂಡು ಎಲ್ಲಾ ಮೆಸೇಜು ನೋಡ್ತಾರೆ ಮಿಸ್. ಏನಾದ್ರೂ ಡಿಲೀಟ್ ಮಾಡಿದ್ರೆ ಜಗಳ" ಎಂದು ನಕ್ಕಳು. ಪಕ್ಕದಲ್ಲಿ ಕೂತಿದ್ದ ಅವಳ ತಾಯಿ, "ತುಂಬಾ ಪ್ರೀತಿ ಕಣ್ರೀ ಅವರಿಗೆ, ಅದಕ್ಕೇ ಅಷ್ಟು ಪೊಸೆಸಿವ್" ಎಂದರು. ಆ ಹುಡುಗಿಯ ನಗು ನನಗೆ ಹಿಡಿಸಲಿಲ್ಲ. ಸ್ಟ್ರಾಬೆರಿ ಹಣ್ಣಿನ ಕಸೂತಿಯ ಆ ಕರವಸ್ತ್ರ ಈಗ ಗಾಜಿನ ಮುಖದ ಮೊಬೈಲಾಗಿದೆ, ಅಷ್ಟೇ. ಕಳೆದುಹೋದ ಬಟ್ಟೆ ಅಲ್ಲಿ ಸಾಕ್ಷಿ, ಅಳಿಸಿಹೋದ ಮೆಸೇಜು ಇಲ್ಲಿ. ಇಲ್ಲದ ವಸ್ತುವನ್ನೇ ಸಾಕ್ಷಿ ಮಾಡಿಕೊಂಡು ಕೂತವನಿಗೆ ಯಾವ ಹೆಂಡತಿ ಏನು ಉತ್ತರ ಕೊಟ್ಟಾಳು?

ಪ್ರೀತಿ ಇದ್ದಲ್ಲಿ ಅನುಮಾನ ಇದ್ದದ್ದೇ ಎಂದು ತಾಯಂದಿರೇ ಹೇಳುವುದು ಈ ನಾಟಕಕ್ಕಿಂತ ದೊಡ್ಡ ದುರಂತ. ಡೆಸ್ಡಿಮೋನಳ ತಾಯಿ ಬದುಕಿಲ್ಲ. ತಂದೆ ಇದ್ದಾನೆ, ಅವನು ಹೋಗುವಾಗ ಅಳಿಯನಿಗೆ ಒಂದು ಮಾತು ಹೇಳಿಹೋಗುತ್ತಾನೆ: ಅಪ್ಪನಿಗೆ ಮೋಸ ಮಾಡಿದವಳು, ನಿನಗೂ ಮಾಡಬಹುದು, ನೋಡಿಕೋ. ಮೂರನೆಯ ಅಂಕದಲ್ಲಿ ಇಯಾಗೋ ಎತ್ತಿ ಆಡುವುದು ಇದೇ ಮಾತನ್ನು. ವಿಷ ಹಾಕಿದವನು ಇಯಾಗೋ ಎಂದು ಎಲ್ಲರೂ ಹೇಳುತ್ತೇವೆ, ಆದರೆ ಬೀಜ ತವರುಮನೆಯದು. ಇಷ್ಟಪಟ್ಟು ಮದುವೆಯಾದ ಹೆಣ್ಣುಮಗಳ ಮೇಲೆ ಹೆತ್ತವರು ಸಿಟ್ಟಿನಲ್ಲಿ ಆಡುವ ಮಾತು ಎಲ್ಲೆಲ್ಲಿಗೆ ಹೋಗಿ ಮೊಳೆಯುತ್ತದೆ ಎಂದು ಆಡುವವರು ಯೋಚಿಸುವುದಿಲ್ಲ.

ಮಗಳನ್ನು ಹೊಡೆದಾಗ ತವರಿನವರು ಏನು ಮಾಡಿದರು ಎಂಬುದೂ ನಾಟಕದಲ್ಲಿದೆ. ಯಾರೂ ಅದರ ಬಗ್ಗೆ ಪ್ರಶ್ನೆ ಕೇಳುವುದಿಲ್ಲವಾದ್ದರಿಂದ ಗೈಡುಗಳಲ್ಲಿ ಇರುವುದಿಲ್ಲ. ವೆನಿಸ್ಸಿನಿಂದ ಪತ್ರ ತಂದ ಲೊಡೊವಿಕೊ ಅವಳ ತವರಿನ ಬಂಧು. ಅವನ ಕಣ್ಣೆದುರೇ, ಎಲ್ಲರ ನಡುವೆ, ಒಥೆಲೋ ಹೆಂಡತಿಯ ಮೈಮೇಲೆ ಕೈಮಾಡುತ್ತಾನೆ. ಇದಕ್ಕೆ ನಾನು ತಕ್ಕವಳಲ್ಲ ಎಂಬಷ್ಟನ್ನೇ ಅವಳು ಹೇಳುತ್ತಾಳೆ. ಲೊಡೊವಿಕೊ ದಿಗ್ಭ್ರಮೆಗೊಳ್ಳುತ್ತಾನೆ. ಊರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಆಕೆ ಅಳುತ್ತಿದ್ದಾಳೆ, ಸಮಾಧಾನ ಮಾಡು ಎನ್ನುತ್ತಾನೆ. ಆಮೇಲೆ? ಅದೇ ರಾತ್ರಿ ಅದೇ ಮನೆಯಲ್ಲಿ ಊಟ ಮಾಡುತ್ತಾನೆ. ಊಟ ಮುಗಿಸಿ, ಅವಳಿಗೆ ವಿನಯವಾಗಿ ವಂದನೆ ಹೇಳಿ ಹೊರಡುತ್ತಾನೆ. ಮುಂದಿನ ದೃಶ್ಯಗಳಲ್ಲಿ ಅವಳು ಹೆಣ. ಹೊಡೆತ ಕಂಡೂ ಉಂಡು ಹೋದ ಈ ನೆಂಟನನ್ನು ಓದುವಾಗ ನನಗೆ ಯಾರು ಯಾರ ಮುಖ ನೆನಪಾದವು ಎಂದು ಇಲ್ಲಿ ಬರೆಯುವುದಿಲ್ಲ. ನಿಮಗೂ ನೆನಪಾದಾವು.

ಸಾಹಿತ್ಯ ಬಲ್ಲವರ ವಿಷಯಕ್ಕೆ ಬರುತ್ತೇನೆ. ಎ.ಸಿ. ಬ್ರಾಡ್ಲಿ 1904ರಲ್ಲಿ ಪ್ರಕಟಿಸಿದ ಉಪನ್ಯಾಸಗಳು ನಮ್ಮ ಕಾಲೇಜುಗಳಲ್ಲಿ ಬಹುಕಾಲ ವೇದವಾಗಿದ್ದವು. ಅವರಿಗೆ ಒಥೆಲೋ ಮಹಾ ಉದಾತ್ತ. ಡೆಸ್ಡಿಮೋನಳೋ ಏನೂ ಮಾಡಲಾರದ ಅಸಹಾಯಕಿ, ಕಾರಣವಿಲ್ಲದೆ ಹಿಂಸೆಗೊಳಗಾದ ಮೂಕಪ್ರಾಣಿಯಂಥವಳು. (ಒಥೆಲೋನ ಉದಾತ್ತತೆಯನ್ನು 1937ರಲ್ಲಿ ಎಫ್.ಆರ್. ಲೀವಿಸ್ ಚೆನ್ನಾಗಿಯೇ ಜಾಡಿಸಿದರು. ಅದು ನಮ್ಮ ಗೈಡಿನವರೆಗೆ ಬರಲಿಲ್ಲ.) ಮೂಕಪ್ರಾಣಿಯೇ? ಮೊದಲ ಅಂಕದಲ್ಲಿ ಇಡೀ ಸೆನೆಟ್ ಸಭೆಯ ಮುಂದೆ, ಗಡ್ಡ ನೆರೆತ ಗಂಡಸರ ನಡುವೆ ಒಬ್ಬಳೇ ನಿಂತು, ನನ್ನ ತಾಯಿ ತನ್ನ ತಂದೆಗಿಂತ ನಿಮ್ಮನ್ನು ಹೆಚ್ಚೆಂದು ಬಗೆದಂತೆ ನಾನೂ ನನ್ನ ಗಂಡನನ್ನು ಬಗೆಯುತ್ತೇನೆ ಎಂದು ಅಪ್ಪನಿಗೆ ಉತ್ತರ ಕೊಟ್ಟವಳು ಇವಳೇ ಅಲ್ಲವೇ? ಯುದ್ಧಭೂಮಿಗೆ ನಾನೂ ಹೋಗುತ್ತೇನೆ ಎಂದು ಹಟ ಹಿಡಿದವಳು? ಮಾತು ಬಾರದವಳಲ್ಲ ಅವಳು. ಮದುವೆಯಾದ ಮೇಲೆ ಅವಳ ಮಾತಿಗೆ ಕಿವಿ ಇಲ್ಲವಾಯಿತು. ಕೇಳದವರ ಕಿವುಡನ್ನು ಹೇಳುವವಳ ಮೂಗತನ ಎಂದು ಬರೆದುಕೊಂಡರು ವಿದ್ವಾಂಸರು.

ಕೊನೆಯ ಉಸಿರಿನಲ್ಲಿ, ಇದನ್ನು ಮಾಡಿದವರು ಯಾರು ಎಂದು ಎಮಿಲಿಯಾ ಕೇಳಿದಾಗ, ಅವಳು ಯಾರೂ ಅಲ್ಲ, ನಾನೇ ಎಂದು ಹೇಳಿ ಸಾಯುತ್ತಾಳೆ. ಇದನ್ನು ಪಾತಿವ್ರತ್ಯದ ಶಿಖರ ಎಂದು ಹೊಗಳುವವರಿದ್ದಾರೆ, ಸೀತೆಗೆ ಹೋಲಿಸುತ್ತಾರೆ. ಸೀತೆಗೆ ಅಗ್ನಿಯಾದರೂ ಸಾಕ್ಷಿ ಹೇಳಿದ. ಇಲ್ಲಿ ಗಂಡ ಬರುವಾಗಲೇ ದೀಪ ಆರಿಸುವ ಮಾತಾಡುತ್ತ ಬರುತ್ತಾನೆ. ಆಸ್ಪತ್ರೆಯಲ್ಲಿ ಸುಟ್ಟ ಗಾಯಗಳೊಂದಿಗೆ ಮಲಗಿ "ನಾನೇ ಸ್ಟೌ ಹಚ್ಚೋವಾಗ ಆಗಿದ್ದು" ಎಂದು ಹೇಳಿಕೆ ಕೊಡುವ ಹೆಣ್ಣುಮಕ್ಕಳ ಸುದ್ದಿ ಓದಿದ ನನಗೆ, ಆ ಮಾತಿನಲ್ಲಿ ಶಿಖರ ಕಾಣುವುದಿಲ್ಲ. ಎದೆ ನಡುಗುತ್ತದೆ. ಅಪ್ಪಟ ವಿದ್ವಾಂಸರಾದ ಡಾಕ್ಟರ್ ಜಾನ್ಸನ್ನರೇ 1765ರಲ್ಲಿ ನಾಟಕಗಳ ಪರಿಷ್ಕರಣೆ ಮಾಡುವಾಗ ಈ ದೃಶ್ಯ ಸಹಿಸಲಾಗದ್ದೆಂದೂ, ಇದರ ಕೆಲಸ ಮುಗಿದದ್ದೇ ಸಮಾಧಾನವೆಂದೂ ಬರೆದರು. ಆ ಒಂದು ಟಿಪ್ಪಣಿಗಾಗಿ ನನಗೆ ಅವರ ಮೇಲೆ ಗೌರವ.

ಇಷ್ಟೆಲ್ಲ ಹೇಳಿ ಎಮಿಲಿಯಾಳ ವಿಷಯ ಹೇಳದಿದ್ದರೆ ಹೇಗೆ? ಶೇಕ್ಸ್‌ಪಿಯರನಿಗೆ ಈ ಕಥೆ ಸಿಕ್ಕಿದ್ದು ಸಿಂಥಿಯೊ ಎಂಬ ಇಟಲಿಯವನ 1565ರ ಕಥಾಸಂಗ್ರಹದಲ್ಲಿ. ಅಲ್ಲಿ ಆ ದುಷ್ಟ ಅಧಿಕಾರಿಯ ಹೆಂಡತಿಗೆ ಹೆಸರೇ ಇಲ್ಲ. ಅವಳ ಪುಟ್ಟ ಮಗುವನ್ನು ಡಿಸ್ಡಿಮೋನ ಎತ್ತಿಕೊಂಡು ಮುದ್ದಿಸುತ್ತಿರುವಾಗ ಗಂಡನೇ ಕರವಸ್ತ್ರ ಕದಿಯುತ್ತಾನೆ. ಹೆಂಡತಿಗೆ ಗಂಡನ ಸಂಚೆಲ್ಲ ಗೊತ್ತು, ಆದರೆ ಅವನ ಭಯಕ್ಕೆ ಬಾಯಿ ಬಿಡುವುದಿಲ್ಲ. ಗಂಡ ಸತ್ತ ಮೇಲಷ್ಟೇ ಎಲ್ಲವನ್ನೂ ಹೇಳುತ್ತಾಳೆ. ಶೇಕ್ಸ್‌ಪಿಯರ್ ಇದನ್ನು ತಿರುಗಿಸಿದ. ಅವಳಿಗೆ ಎಮಿಲಿಯಾ ಎಂದು ಹೆಸರಿಟ್ಟ. ಬಿದ್ದ ಕರವಸ್ತ್ರವನ್ನು ಅವಳ ಕೈಗೇ ಸಿಗುವಂತೆ ಮಾಡಿದ. ಗಂಡ ನೂರು ಸಲ ಕೇಳಿದ್ದನೆಂದು, ಅವನ ಒಂದು ಒಳ್ಳೆಯ ಮಾತಿನ ಆಸೆಗೆ, ಅವಳು ಅದನ್ನು ಕೊಟ್ಟುಬಿಡುತ್ತಾಳೆ. ಯಜಮಾನಿ ಎಲ್ಲಿ ಹೋಯಿತೆಂದು ಕೇಳಿದಾಗ ಗೊತ್ತಿಲ್ಲ ಎನ್ನುತ್ತಾಳೆ. ಒಳ್ಳೆಯವಳು ಎಂದು ಹೇಳುವಂತಿಲ್ಲ. ಬಿಯಾಂಕಾ ಎಂಬ ಬಡಪಾಯಿಯನ್ನು ಕೀಳಾಗಿ ಬೈದು, ನಾನೂ ನಿನ್ನಷ್ಟೇ ಮರ್ಯಾದಸ್ಥೆ ಎಂದು ಅನ್ನಿಸಿಕೊಂಡವಳು. ನಮ್ಮ ನಿಮ್ಮಂಥವಳು.

ಆದರೆ ಅವಳಿಗೆ ಸತ್ಯ ಹೊಳೆದ ಕ್ಷಣ ನೋಡಿ. ಗಂಡ, ಸಾಕು, ಮನೆಗೆ ನಡೆ ಎನ್ನುತ್ತಾನೆ. ಗಂಡನ ಮಾತು ಕೇಳುವುದು ನನ್ನ ಧರ್ಮ, ಆದರೆ ಈಗಲ್ಲ ಎನ್ನುತ್ತಾಳೆ ಅವಳು. ಬಹುಶಃ ನಾನು ಇನ್ನೆಂದೂ ಮನೆಗೆ ಹೋಗಲಾರೆ ಎಂದೂ ಅವಳಿಗೆ ಗೊತ್ತು. ಕತ್ತಿ ಹಿರಿದಿದ್ದಾನೆ, ಅದೂ ಗೊತ್ತು. ಹೇಳಿಯೇ ಬಿಡುತ್ತಾಳೆ. ಇರಿದುಬಿಡುತ್ತಾನೆ. ಓದುತ್ತಿದ್ದ ನನ್ನ ದನಿ ಇಲ್ಲಿ ನಿಂತುಹೋಯಿತು. ನಮ್ಮ ಗುಂಪಿನಲ್ಲಿ ಎಂದೂ ಮಾತಾಡದ ಒಬ್ಬರು, ಮೂವತ್ತು ವರ್ಷ ಸಂಸಾರ ಮಾಡಿದವರು, "ಮನೆಗೆ ನಡೆ ಅಂದಾಗ ಹೋಗಲಿಲ್ಲವಲ್ಲ, ಅಷ್ಟು ಸಾಕು" ಎಂದರು. ಮತ್ತೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಇದಕ್ಕೆ ಮುಂಚೆ, ಮಲಗುವ ಮನೆಯ ದೃಶ್ಯದಲ್ಲಿ, ಹೆಂಡತಿಯರು ದಾರಿ ತಪ್ಪಿದರೆ ಅದು ಗಂಡಂದಿರ ತಪ್ಪು, ಹೆಂಗಸರಿಗೂ ಅವರ ಹಾಗೆಯೇ ಕಣ್ಣು ಮೂಗು ನಾಲಿಗೆ ಇವೆ, ಸಿಹಿಹುಳಿ ತಿಳಿಯುತ್ತದೆ ಎಂದು ಎಮಿಲಿಯಾ ವಾದಿಸುತ್ತಾಳೆ. ಸ್ವಾರಸ್ಯವೆಂದರೆ, ನಾಟಕ ಮೊದಲು ಅಚ್ಚಾದ 1622ರ ಪುಸ್ತಕದಲ್ಲಿ ಈ ಮಾತುಗಳಿಲ್ಲ. ಡೆಸ್ಡಿಮೋನ ಹಾಡುವ ಹಾಡೂ ಇಲ್ಲ. ಮರುವರ್ಷ, 1623ರಲ್ಲಿ ಬಂದ ದೊಡ್ಡ ಸಂಪುಟದಲ್ಲಿ ಇವೆ. ಕಾರಣ ಏನೆಂದು ಪಂಡಿತರು ಚರ್ಚಿಸಲಿ. ಹೆಂಗಸರ ಮಾತಿನ ಭಾಗ ಒಂದು ಪುಸ್ತಕದಲ್ಲಿ ಉಂಟು, ಒಂದರಲ್ಲಿ ಇಲ್ಲ ಎಂದರೆ ನನಗೇನೂ ಆಶ್ಚರ್ಯವಾಗಲಿಲ್ಲ. ಆ ಕಾಲದಲ್ಲಿ ಈ ಪಾತ್ರಗಳನ್ನು ಆಡುತ್ತಿದ್ದವರೂ ಹುಡುಗರೇ. 1660ರ ಡಿಸೆಂಬರಿನಲ್ಲಿ ಲಂಡನ್ನಿನ ವೃತ್ತಿರಂಗಭೂಮಿಯಲ್ಲಿ ಮೊದಲ ಬಾರಿಗೆ ಹೆಂಗಸೊಬ್ಬಳು ವೇದಿಕೆ ಹತ್ತಿದಾಗ ಸಿಕ್ಕ ಪಾತ್ರ ಡೆಸ್ಡಿಮೋನಳದು. ಹೆಣ್ಣಿಗೆ ರಂಗಕ್ಕೆ ಪ್ರವೇಶ ಸಿಕ್ಕಿತು, ಸಾಯುವುದಕ್ಕೆ!

ಸಾಯುವಾಗ ಎಮಿಲಿಯಾ, ನನ್ನನ್ನು ಯಜಮಾನಿಯ ಪಕ್ಕ ಮಲಗಿಸಿ ಎಂದು ಕೇಳುತ್ತಾಳೆ. ಯಾರೂ ಉತ್ತರ ಕೊಟ್ಟಂತೆ ನಾಟಕದಲ್ಲಿ ಇಲ್ಲ. ಕೊನೆಗೆ ಲೊಡೊವಿಕೊ, ಅದೇ ಊಟ ಮಾಡಿ ಹೋದ ನೆಂಟ, ಒಥೆಲೋನ ಮನೆ ಆಸ್ತಿ ಯಾರಿಗೆ ಎಂದು ವ್ಯವಸ್ಥೆ ಮಾಡುತ್ತಾನೆ. ಎಮಿಲಿಯಾಳ ಹೆಸರು ಎತ್ತುವುದಿಲ್ಲ.

ಒಥೆಲೋನ ಪರವಾಗಿ ಹೇಳಬೇಕಾದ್ದು ಒಂದಿದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಅವನ ಚರ್ಮದ ಬಣ್ಣಕ್ಕಾಗಿ ಆ ಊರಿನವರು ಆಡುವ ಮಾತುಗಳು ಹೇಸಿಗೆ ಹುಟ್ಟಿಸುತ್ತವೆ. ಅವನ ಕತ್ತಿ ಬೇಕು, ಅವನು ಅಳಿಯನಾಗಿ ಬೇಡ. ತನ್ನ ಜಾತಿ ನಾಡಿನವರನ್ನು ಬಿಟ್ಟು ನಿನ್ನನ್ನು ಮೆಚ್ಚಿದಳೆಂದರೆ ಅವಳ ಮನಸ್ಸಿನಲ್ಲೇ ಏನೋ ದೋಷವಿದೆ ಎಂದು ಇಯಾಗೋ ಹೇಳಿದಾಗ ಅವನು ನಂಬುತ್ತಾನೆ. ಅಂದರೆ ತನ್ನನ್ನು ಯಾರಾದರೂ ನಿಜವಾಗಿ ಪ್ರೀತಿಸಬಲ್ಲರು ಎಂಬ ನಂಬಿಕೆಯನ್ನೇ ಆ ಊರು ಅವನಿಂದ ಕಿತ್ತುಕೊಂಡಿತ್ತು. ಓದುವಾಗ ಕನಿಕರವಾಗುತ್ತದೆ. ಆದರೆ ಕನಿಕರ ಬೇರೆ, ಖುಲಾಸೆ ಬೇರೆ. ಹೊರಗೆ ಅವಮಾನಗೊಂಡ ಗಂಡಸು ಒಳಗೆ ಬಂದು ಹೆಂಡತಿಯ ಮೇಲೆ ತೀರಿಸಿಕೊಂಡರೆ, ಆ ಅವಮಾನದ ಲೆಕ್ಕ ಅವಳ ಖಾತೆಗೆ ಹೇಗೆ ಬರುತ್ತದೆ? ಅವಳೊಬ್ಬಳೇ ಅವನ ಬಣ್ಣವನ್ನು ನೋಡದೆ ಅವನ ಬದುಕಿನ ಕಥೆ ಕೇಳಿ ಮೆಚ್ಚಿದವಳು.

ಇದೆಲ್ಲ ಹಳೇ ನಾಟಕ, ಈಗೇಕೆ ಈ ಜಗಳ ಎನ್ನುತ್ತೀರಾ? ಈ ನಾಟಕ ಹುಟ್ಟಿದ ಇಂಗ್ಲೆಂಡಿನ ಕಾನೂನೇ ಶತಮಾನಗಳ ಕಾಲ ಹೆಂಡತಿಯ ದ್ರೋಹವನ್ನು ಗಂಡನಿಗಾದ ದೊಡ್ಡ ಪ್ರಚೋದನೆ ಎಂದು ಕಂಡು, ಕೊಲೆಯ ಆರೋಪವನ್ನು ತಗ್ಗಿಸಲು ಅವಕಾಶ ಕೊಟ್ಟಿತ್ತು. 2009ರ ಕಾಯಿದೆ, 2010ರಲ್ಲಿ ಜಾರಿಗೆ ಬಂದು, ಸಂಗಾತಿಯ ದ್ರೋಹ ಎಂಬ ಅದೊಂದೇ ಕಾರಣವನ್ನು ಕೊಲೆಗೆ ರಿಯಾಯಿತಿಯಾಗಿ ಹೇಳುವಂತಿಲ್ಲ ಎಂದಿತು. ನಾನೂರು ವರ್ಷ ಬೇಕಾಯಿತು. ಕಾನೂನು ಬಿಟ್ಟ ಮೇಲೂ ಸ್ಟಾಫ್ ರೂಮು ಬಿಟ್ಟಿಲ್ಲ.

"ಇಯಾಗೋ ಇಲ್ಲದಿದ್ದರೆ ಪಾಪ ಅವನು ಕೊಲ್ಲುತ್ತಿರಲಿಲ್ಲ" ಎಂಬುದು ಉಳಿದ ಕೊನೆಯ ವಾದ. ಇದಕ್ಕೆ ಶೇಕ್ಸ್‌ಪಿಯರನೇ ಉತ್ತರ ಬರೆದಿದ್ದಾನೆ. ಏಳೆಂಟು ವರ್ಷಗಳ ನಂತರ, 1610-11ರ ಸುಮಾರಿಗೆ, 'ದ ವಿಂಟರ್ಸ್ ಟೇಲ್' ಎಂಬ ನಾಟಕ. ಲಿಯಾಂಟಿಸ್ ಎಂಬ ರಾಜ ತುಂಬು ಗರ್ಭಿಣಿಯಾದ ರಾಣಿಯನ್ನು ಅನುಮಾನಿಸಿ ಸೆರೆಗೆ ಹಾಕುತ್ತಾನೆ. ಅಲ್ಲಿ ಕಿವಿಯೂದುವ ಇಯಾಗೋ ಇಲ್ಲವೇ ಇಲ್ಲ. ಆಸ್ಥಾನದವರೆಲ್ಲ ಇದು ಸುಳ್ಳು ಎಂದೇ ಹೇಳುತ್ತಾರೆ. ಆದರೂ ಅವನ ತಲೆಯೊಳಗೇ ಎಲ್ಲ ತಯಾರಾಗುತ್ತದೆ. ಮತ್ತೆ ಅಲ್ಲಿ ಪಾಲಿನಾ ಎಂಬ ಹೆಂಗಸೊಬ್ಬಳಿದ್ದಾಳೆ. ಸೆರೆಮನೆಯಲ್ಲಿ ಹುಟ್ಟಿದ ಮಗುವನ್ನು ಎತ್ತಿಕೊಂಡು ನೇರ ರಾಜನ ಮುಂದೆ ಹೋಗಿ ನಿಲ್ಲುತ್ತಾಳೆ. ಸುಡಿಸಿಬಿಡುತ್ತೇನೆ ಎಂದರೂ ಬಾಯಿ ಮುಚ್ಚುವುದಿಲ್ಲ. ಈ ಸಲ ಅವಳನ್ನು ಯಾರೂ ಇರಿಯುವುದಿಲ್ಲ. ಹದಿನಾರು ವರ್ಷಗಳಾದ ಮೇಲೂ ಅವಳು ಆ ರಾಜನಿಗೆ ಅವನು ಮಾಡಿದ್ದನ್ನು ನೆನಪಿಸುತ್ತ ಅಲ್ಲೇ ಇರುತ್ತಾಳೆ. ಹೆಂಡತಿಯ ನಾಲಿಗೆ ಹಿಡಿಯಲಾರದವನು ಎಂದು ಸಭೆಯಲ್ಲಿ ಅನ್ನಿಸಿಕೊಂಡ ಅವಳ ಗಂಡ, ಕಡೆಗೆ ರಾಜಾಜ್ಞೆ ಪಾಲಿಸಲು ಹೋಗಿ ಕರಡಿಯ ಪಾಲಾಗುತ್ತಾನೆ, ಪಾಪ. ಮುಂದಿನ ಶನಿವಾರದಿಂದ ನಮ್ಮ ಗುಂಪಿನಲ್ಲಿ ಅದನ್ನೇ ಓದುವುದು. ಪಾಲಿನಾಳ ಮಾತುಗಳನ್ನು ತಾನು ಓದುತ್ತೇನೆ ಎಂದು, ಎಂದೂ ಬಾಯಿ ತೆರೆಯದಿದ್ದ ಆ ಗೆಳತಿ ಈಗಲೇ ಹೇಳಿಟ್ಟಿದ್ದಾರೆ.